ಪೂಜೆ ತಟ್ಟೆಯಲ್ಲೊಂದು ಪಿನ್ನು

ನಮ್ಮ ಮನೆಯ ಪೂಜೆ ತಟ್ಟೆಯಲ್ಲಿ ವಿಭೂತಿ ಗಟ್ಟಿ, ಕುಂಕುಮ, ಊದಿನಕಡ್ಡಿ, ಕರ್ಪೂರ ಎಲ್ಲ ಇವೆ, ನಿಮ್ಮ ಮನೆಯಲ್ಲಿ ಇರುವ ಹಾಗೆ. ಜೊತೆಗೆ ಒಂದು ಪಿನ್ನೂ ಇದೆ. ಸೆರಗಿಗೆ ಹಾಕಿಕೊಳ್ಳುತ್ತೇವಲ್ಲ, ಅಂಥ ಸಾದಾ ಪಿನ್ನು. ಮಹಾನವಮಿಯ ಆಯುಧ ಪೂಜೆಯಲ್ಲಿ ನಾನು ಮಿಕ್ಸರಿಗೆ, ಹೊಲಿಗೆ ಮಷೀನಿಗೆ, ಮೊಮ್ಮಗನ ಗಾಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತೇನೆ. ಆಮೇಲೆ ಕನ್ನಡಕ ಏರಿಸಿಕೊಂಡು, ಆ ವಿಭೂತಿಯ ಕೆಳಗೆ ಎಲ್ಲಾದರೂ ತೂತು ಸಿಕ್ಕಿಬಿದ್ದಿದೆಯೇ ಎಂದು ಹುಡುಕಿ, ಇದ್ದರೆ ಪಿನ್ನಿನಿಂದ ಚುಚ್ಚಿ ಬಿಡಿಸುತ್ತೇನೆ. ಅದಾದ ಮೇಲೇ ಮಂಗಳಾರತಿ.

ಈ ವರ್ಷ ಹೊಸದಾಗಿ ಮನೆಗೆ ಬಂದ ಮೊಮ್ಮಗನ ಹೆಂಡತಿ ಇದನ್ನು ನೋಡಿ ಸುಮ್ಮನಿರಲಿಲ್ಲ.

"ಅಮ್ಮಾ, ಪಿನ್ನ ಚುಚ್ಚೂದು ಯಾವ ಶಾಸ್ತ್ರದಾಗ ಬರ್ತದ್ರಿ?"

"ಮೋಟರ್ ಶಾಸ್ತ್ರದಾಗ."

"ನೀವೀಗ ಫೋನಿನ್ಯಾಗ ಟೈಪ್ ಮಾಡಾಕ ಕಲತೀರಲ್ಲ, ಆ ಶಾಸ್ತ್ರ ಒಂದೀಟು ಬರದು ಕಳಸ್ರಿ ನನಗ."

ಸವಾಲು ಹಾಕಿದರೆ ಬಿಡುವ ಪೈಕಿ ನಾನಲ್ಲ. ಬರೆಯಲು ಕೂತಿದ್ದೇನೆ. ನನ್ನ ಬೆರಳು ದಪ್ಪ, ಈ ಅಕ್ಷರಗಳು ಸಾಸಿವೆ ಕಾಳು. ನಾನು ಹೊಳೆ ಎಂದು ಒತ್ತಿ ಮುಗಿಸುವುದರೊಳಗೆ ಫೋನು ತಾನೇ ಮುಂದಾಗಿ ಹೋಳಿಗೆ ಎಂದು ಬಡಿಸಿಬಿಡುತ್ತದೆ. ಇರಲಿ, ಅದಕ್ಕೂ ಹಸಿವಿರಬಹುದು. ಈ ಕಥೆಯಲ್ಲಿ ಹೋಳಿಗೆಯೂ ಬರುತ್ತದೆ, ಆದರೆ ಹೊಳೆ ಮೊದಲು.

ಹೊಳೆ ಎಂದರೆ ನಮಗೆ ಕೃಷ್ಣೆ. ನಾನು ಹುಟ್ಟಿದ್ದು ದೇವದುರ್ಗ ತಾಲ್ಲೂಕಿನಲ್ಲಿ, ಅದರ ದಂಡೆಯ ಮೇಲಿನ ಒಂದು ಊರಿನಲ್ಲಿ. ನಿಜಾಮರ ಕಾಲ. ದೂರದಲ್ಲೆಲ್ಲೋ ಯುದ್ಧ ನಡೆದಿತ್ತು. ನಮ್ಮೂರಿಗೆ ಅದು ಗೊತ್ತಾಗುತ್ತಿದ್ದದ್ದು ಸೀಮೆಎಣ್ಣೆ ಸಿಗದಿದ್ದಾಗ ಮಾತ್ರ. ಅಪ್ಪ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ ನೋಡಿಕೊಂಡು ಅಲ್ಲೇ ಇರುತ್ತಿದ್ದ, ಹಬ್ಬಕ್ಕೆ ಬರುತ್ತಿದ್ದ. ಊರಿನ ಮನೆಯಲ್ಲಿ ಅಜ್ಜ, ಅವ್ವ, ಬಸಣ್ಣ ಕಾಕಾ, ನಾನು.

ಅವ್ವನ ತವರು ಹೊಳೆಯ ಆಚೆ ದಂಡೆಗಿತ್ತು. ನಮ್ಮ ಮಾಳಿಗೆ ಹತ್ತಿದರೆ ಅಲ್ಲಿಯ ಬೇವಿನ ಮರ ಕಾಣುತ್ತಿತ್ತು. ಸಂಜೆ ಒಣಗಿದ ಮೆಣಸಿನಕಾಯಿ ತರಲು ಮೇಲೆ ಹೋದ ಅವ್ವ ಬೇಗ ಇಳಿಯುತ್ತಿರಲಿಲ್ಲ. ಮೆಣಸಿನಕಾಯಿಗೆ ಅಷ್ಟು ಹೊತ್ತು ಬೇಡ ಎಂದು ನನಗೂ ಗೊತ್ತಿತ್ತು.

ಕಣ್ಣಿಗೆ ಕಾಣುವ ಆ ತವರು ಕಾಲಿಗೆ ಸಿಗದಂತೆ ಮಾಡಿದ್ದು ಅಜ್ಜನ ಒಂದು ಮಾತು. ಹಿಂದಿನ ವರ್ಷ ನಾನೂ ಅವ್ವನೂ ಅಂಬಿಗ ಹುಲಿಗೆಪ್ಪನ ಹರಿಗೋಲಿನಲ್ಲಿ ದಾಟುವಾಗ ಅದು ಸುಳಿಗೆ ಸಿಕ್ಕು ಬುಗುರಿಯಂತೆ ತಿರುಗಿ ಬಂಡೆಗೆ ಹೊಡೆದಿತ್ತು. ನಾವು ತೊಯ್ದು ತೊಪ್ಪೆಯಾಗಿ ಬದುಕಿ ಬಂದೆವು. ಬುತ್ತಿಯ ಗಂಟು ಮಾತ್ರ ಮೊಸಳೆಗಳ ಪಾಲಾಯಿತು. ಅಜ್ಜ ದಂಡೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟ: "ಇನ್ನ ನಮ್ಮ ಮನಿ ಹೆಣ್ಮಕ್ಕಳು ಹರಿಗೋಲು ಹತ್ತಂಗಿಲ್ಲ." ಅಜ್ಜನ ಮಾತು ಅಂದರೆ ಹೊಲದ ಬದುವಿನ ಕಲ್ಲು. ಹಾಕಿದವನೂ ಕೀಳುವಂತಿಲ್ಲ.

ಮರುವರ್ಷ ಮಳೆಗಾಲ ಹಿಡಿಯುವ ಮುಂಚೆ ಅದೇ ಹುಲಿಗೆಪ್ಪ ಆಚೆ ದಂಡೆಯಿಂದ ಸುದ್ದಿ ತಂದ. ಅವ್ವನ ತಾಯಿಗೆ, ಅಂದರೆ ನಾನು ಅಮ್ಮ ಅನ್ನುತ್ತಿದ್ದ ಮುದುಕಿಗೆ, ಕಣ್ಣಿಗೆ ಪೊರೆ ಬಂದಿತ್ತು.

"ಧಣೇರ, ಆಯವ್ವಗ ದಿನಾ ದಿನಾ ಮಸುಕಾಗಾಕತ್ತದ್ರಿ. ಪೂರ್ತಿ ಕತ್ತಲಾಗೂದರಾಗ ಮಗಳದು, ಮೊಮ್ಮಗಳದು ಮುಖ ನೋಡಬೇಕಂತ. ದೀಪಾವಳಿಗರೆ ಕಳಸ್ರಿ ಅಂದಾಳ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು, ಅಷ್ಟೇ.

ಇಲ್ಲಿ ನನ್ನ ಹುದ್ದೆಯ ಬಗ್ಗೆ ಹೇಳಬೇಕು. ಆ ಕಾಲದಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವಂತಿರಲಿಲ್ಲ, ಮಾವನೂ ಸೊಸೆಯನ್ನು ನೇರ ಮಾತಾಡಿಸುತ್ತಿರಲಿಲ್ಲ. ನಡುವೆ ನಾನಿದ್ದೆ. ಅಜ್ಜ ಪಡಸಾಲೆಯಿಂದ, "ಗಿರಿಜಿ, ನಿಮ್ಮವ್ವಗ ಹೇಳು, ಪಲ್ಯಾಕ ಉಪ್ಪು ಕಡಿಮಿ ಆಗ್ಯದ" ಎನ್ನುವನು. ಅದು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿರುತ್ತಿತ್ತು. ಆದರೂ ಅವ್ವ ಉಪ್ಪಿನ ಮರಿಗೆಗೆ ಕೈ ಹಾಕುತ್ತಿರಲಿಲ್ಲ. ನಾನು ಎದ್ದು ಹೋಗಿ ಅದೇ ಮಾತನ್ನು ಮತ್ತೆ ಹೇಳಿದ ಮೇಲೆ, "ಹೌದೇನು?" ಎಂದು ಆಶ್ಚರ್ಯಪಟ್ಟು ಉಪ್ಪು ಕೊಡುತ್ತಿದ್ದಳು. ಹೋಗಿ ಬರುವ ದಾರಿಯಲ್ಲಿ ನನಗೊಂದು ಬೆಲ್ಲದ ಹರಳು ಸಿಗಬೇಕೆಂದು ನಾನೇ ಕಾಯ್ದೆ ಮಾಡಿಕೊಂಡಿದ್ದೆ. ಸರ್ಕಾರದ ತಂತಿಗೂ ಅಷ್ಟು ಮರ್ಯಾದೆ ಇರಲಿಕ್ಕಿಲ್ಲ.

ಸುದ್ದಿ ಬಂದ ಮರುವಾರ ಅಜ್ಜ ರಾಯಚೂರಿಗೆ ಹೋದ. ಬರುವಾಗ ಬಂಡಿಯಲ್ಲಿ, ಹುಲ್ಲಿನ ಹಾಸಿಗೆಯ ಮೇಲೆ, ಗೋಣಿತಟ್ಟು ಹೊದ್ದು ಏನೋ ಮಲಗಿತ್ತು. ಹೊಳೆಯ ನೀರು ಅಳೆಯಲು ಬಂದಿದ್ದ ಯಾರೋ ಇಂಜಿನಿಯರ್ ಸಾಹೇಬ ಊರು ಬಿಡುವಾಗ ಸಾಮಾನು ಹರಾಜಿಗೆ ಹಾಕಿದ್ದನಂತೆ. ಜನ ಕುರ್ಚಿ, ಮಂಚ ಕೂಗಿದರು. ನಮ್ಮಜ್ಜ ದೋಣಿಯ ಹಿಂದಕ್ಕೆ ಸಿಕ್ಕಿಸುವ ಮೋಟರು ಕೂಗಿದ.

"ಯಪ್ಪಾ, ಹೆಣ್ಮಕ್ಕಳು ಹೊಳಿ ದಾಟಂಗಿಲ್ಲ ಅಂತ ನೀನಽ ಅಂದಿದ್ದಿ," ಎಂದು ಕಾಕಾ ತಲೆ ಕೆರೆದುಕೊಂಡ.

"ಹರಿಗೋಲು ಅಂದೀನಿ. ಮೋಟರ್ ದೋಣಿ ಅಂದೀನೇನಲೇ?"

ಬದುವಿನ ಕಲ್ಲನ್ನು ಕೀಳದೆ ಅದರ ಪಕ್ಕದಲ್ಲೇ ದಾರಿ ಮಾಡುವುದು ನಮ್ಮಜ್ಜನಿಗೆ ಗೊತ್ತಿತ್ತು.

ಗೋಣಿತಟ್ಟು ತೆಗೆದಾಗ ಊರೇ ನೆರೆದಿತ್ತು. ಮೇಲೆ ಒಂದು ಗುಂಡಾದ ಚಕ್ರ, ಅದರ ಹಿಂದೆ ಪೆಟ್ರೋಲ್ ತುಂಬುವ ಚರಿಗೆಯಂಥ ಟಾಕಿ, ಅದಕ್ಕೊಂದು ಹಿತ್ತಾಳೆಯ ಮುಚ್ಚಳ, ಕೆಳಗೆ ಕೊಕ್ಕರೆಯ ಹಾಗೆ ಒಂದೇ ಉದ್ದ ಕಾಲು, ಕಾಲಿನ ತುದಿಗೆ ಬೀಸಣಿಗೆ. ಚಕ್ರಕ್ಕೆ ಹಗ್ಗ ಸುತ್ತಿ ಜಗ್ಗಿದರೆ ಶುರುವಾಗಬೇಕು. ಕಾಕಾ ಅಂಗಿ ಕಳಚಿ, ತೋಳು ತಟ್ಟಿ ಜಗ್ಗಿದ. ಹಗ್ಗ ಕಿತ್ತು ಬಂತು. ಕಾಕಾ ಹಿಂದಿದ್ದ ಸಗಣಿ ಬುಟ್ಟಿಯಲ್ಲಿ ಕೂತಿದ್ದ.

ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡುತ್ತಿದ್ದ ಖಾದರ್ ಮಿಸ್ತ್ರಿಯನ್ನು ಕರೆಸಿದರು. ಮಿಸ್ತ್ರಿ ತೆಳ್ಳಗೆ, ಬೆಳ್ಳಗಿನ ಗಡ್ಡ, ಮಾತಿಗೊಮ್ಮೆ ಎದೆಗೆ ಕೈ. ಮೋಟರಿನ ಸುತ್ತ ಒಂದು ಸುತ್ತು ಬಂದು ಹೇಳಿದ: "ಸಾವ್ಕಾರ್ರ, ಈಕಿ ಮುದುಕಿ ಆಗ್ಯಾಳ, ಸತ್ತಿಲ್ಲ. ಈಕೀಗಿ ಬರೇ ಮರ್ಯಾದಿ ಬೇಕಾಗ್ಯದ." ಈಗ ಆ ಮಾತು ನೆನೆದಾಗಲೆಲ್ಲ ಮಿಸ್ತ್ರಿಗೆ ನಾನು ಮನಸ್ಸಿನಲ್ಲೇ ಸಲಾಮು ಹೊಡೆಯುತ್ತೇನೆ.

ಮಳೆಗಾಲವೆಲ್ಲ ರಿಪೇರಿ ನಡೆಯಿತು. ಕಿತ್ತ ಹಗ್ಗಕ್ಕೆ ಬದಲು ಪುಂಡಿನಾರಿನ ಹಗ್ಗ ಬಂತು. ಬೀಸಣಿಗೆಯ ಮುರಿದ ಮೊಳೆಗೆ ಬದಲು ಬಂಡಿಯ ಮೊಳೆಯನ್ನು ಅರೆದು ಹಾಕಿದರು. ಕಿಡಿ ಹಾರಿಸುವ ಪ್ಲಗ್ಗು ಮಸಿ ಹಿಡಿದಿತ್ತು. ಅದನ್ನು ಕೆಂಡದಲ್ಲಿ ಕಾಯಿಸಬೇಕೆಂದ ಮಿಸ್ತ್ರಿ.

"ಗಿರಿಜಿ, ಒಲ್ಯಾಗ ಇದನ್ನ ಇಡಬೇಕಂತ ಹೇಳು ನಿಮ್ಮವ್ವಗ."

"ಲಿಂಗದೇವರಿಗಿ ಎಡಿ ಮಾಡೋ ಒಲಿ ಅದು, ಮಸಿ ಸಾಮಾನು ಒಳಗ ಬರಂಗಿಲ್ಲ ಅಂತ ಹೇಳು ನಿಮ್ಮಜ್ಜಾಗ."

ಹೀಗೆ ಅಂದವಳೇ ಅವ್ವ ಒಲೆಯ ಕೆಂಡವನ್ನೇ ಮಡಕೆ ಚೂರಿಗೆ ತುಂಬಿ ಅಂಗಳಕ್ಕೆ ಕಳಿಸಿದಳು. ಬೇಡ ಎನ್ನುವುದೂ ಕೊಡುವುದೂ ಒಂದೇ ಉಸಿರಿನಲ್ಲಿ. ಆ ಮೋಟರು ಎಲ್ಲರಿಗಿಂತ ಅವಳಿಗೇ ಬೇಕಾಗಿತ್ತು.

ಪರೀಕ್ಷೆ ನಡೆಯುತ್ತಿದ್ದದ್ದು ದನ ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ. ಮೋಟರಿನ ಕಾಲನ್ನು ಬಾನಿಗೆ ಇಳಿಬಿಟ್ಟು ಮಿಸ್ತ್ರಿ ಹಗ್ಗ ಜಗ್ಗುವನು. ಕೊನೆಗೊಂದು ದಿನ ಅದು ಕೆಮ್ಮಿ, ಕ್ಯಾಕರಿಸಿ, ಬರ್‌ರ್‌ರ್ ಎಂದಿತು. ಬಾನಿಯ ನೀರೆಲ್ಲ ಎದ್ದು ಅಜ್ಜನ ರುಮಾಲಿನ ಮೇಲೆ ಕೂತಿತು. ನಮ್ಮ ಎಮ್ಮೆ ಪೆಟ್ರೋಲಿನ ವಾಸನೆಗೆ ಸಿಟ್ಟಾಗಿ ಆ ಬಾನಿಯ ನೀರನ್ನು ಬಹಳ ದಿನ ಮೂಸಲಿಲ್ಲ. ಮಹಾನವಮಿಯ ಹಿಂದಿನ ದಿನ, ಅಜ್ಜ ಹೊಂದಿಸಿದ್ದ ಕಟ್ಟಿಗೆಯ ದೋಣಿಗೆ ಸಿಕ್ಕಿಸಿ ಹೊಳೆಗೆ ಬಿಟ್ಟರೆ, ಹಂಸ! ಆಚೆ ದಂಡೆ ಮುಟ್ಟಿ ಬಂತು. ಅವ್ವ ಅವತ್ತೇ ಕರ್ಚಿಕಾಯಿಗೆ ಕೊಬ್ಬರಿ ಹೆರೆಯಲು ಕೂತಳು.

ಮರುದಿನ ಆಯುಧ ಪೂಜೆ. ನೇಗಿಲು, ಕುಡಗೋಲು, ತಕ್ಕಡಿ ಎಲ್ಲ ಸಾಲಾಗಿ ನಿಂತವು. ಸಾಲಿನ ತಲೆಗೆ ಮೋಟರು. ಮೂರು ಎಳೆ ವಿಭೂತಿ ಹಚ್ಚಬೇಕು, ಆದರೆ ಇದಕ್ಕೆ ಹಣೆ ಎಲ್ಲಿ? ಚರ್ಚೆಯಾಯಿತು. ಟಾಕಿಯ ಹಿತ್ತಾಳೆಯ ಮುಚ್ಚಳವೇ ಹಣೆ ಎಂದು ಅಜ್ಜ ತೀರ್ಪು ಕೊಟ್ಟ. ಅಜ್ಜನ ಭಕ್ತಿ ತೆಳ್ಳಗಿನದಲ್ಲ. ನೀರಲ್ಲಿ ಕಲಸಿದ ವಿಭೂತಿಯನ್ನು ಗೋಡೆಗೆ ಗಿಲಾವು ಮಾಡಿದಂತೆ ಹಚ್ಚಿದ.

ಪೂಜೆ ಮುಗಿಸಿ ಹೊಳೆಗೆ ಒಯ್ದರೆ, ಮೋಟರು ನಡುಹೊಳೆಗೆ ಹೋಗಿ ನಿಂತುಬಿಟ್ಟಿತು. ಕಾಕಾ ಮುಚ್ಚಳ ತಿರುವಿ ನೋಡಿದ, ಪೆಟ್ರೋಲ್ ಇತ್ತು. ಮುಚ್ಚಿದ, ಜಗ್ಗಿದ, ಓಡಿತು. ಒಂದಿಷ್ಟು ಹೋಗಿ ಮತ್ತೆ ನಿಂತಿತು. ಕೊನೆಗೆ ಹುಲಿಗೆಪ್ಪ ತನ್ನ ಹರಿಗೋಲಿಗೆ ಹಗ್ಗ ಕಟ್ಟಿ ಎಳೆದು ತಂದ.

"ಧಣೇರ, ಮೋಟರ್ ಛಲೋ ಅದರಿ. ನನ್ನ ಹರಿಗೋಲು ಕಟ್ಟಿದ್ರ ಭಾಳ ಜೋರು ಓಡ್ತದ!"

ಮಿಸ್ತ್ರಿ ರಾಯಚೂರಿನಿಂದ ಮತ್ತೆ ಬಂದ. ಕೆಲಸಕ್ಕೆ ಕೈ ಹಚ್ಚುವ ಮುಂಚೆ ತನ್ನ ಎಣ್ಣೆ ಕೈ ನೋಡಿಕೊಂಡು, "ಇದು ನಿಮ್ಮ ದೇವರ ವಿಭೂತಿ ಸಾವ್ಕಾರ್ರ, ನನ್ನ ಕೈಯಾಗ ಮಸಿ ಅದ" ಎಂದು, ಮುಚ್ಚಳವನ್ನು ಶುಭ್ರ ಬಟ್ಟೆಯಿಂದ ಹಿಡಿದು ತಿರುವಿ, ಗೋಡೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟ. ಆಮೇಲೆ ಬಾನಿಯಲ್ಲಿ ಓಡಿಸಿದ. ಮೋಟರು ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಬಿಡದೆ ಓಡಿತು. ಮಿಸ್ತ್ರಿ ಎದೆಗೆ ಕೈ ಇಟ್ಟ.

"ಮಷೀನದಾಗ ತಕರಾರು ಬಿಲ್ಕುಲ್ ಇಲ್ರಿ. ತಕರಾರು ಇದ್ರ ನಿಮ್ಮ ಹೊಳಿದಿರಬೇಕು."

ಹೊಳೆಗೆ ಒಯ್ದರು. ನಡುಹೊಳೆಯಲ್ಲಿ ನಿಂತಿತು. ಗಂಗವ್ವನಿಗೆ ಸಿಟ್ಟು ಬಂದಿದೆ ಎಂದು ಅಜ್ಜ ಹೊಳೆಗೆ ಕಾಯಿ ಒಡೆದು, ಮೋಟರಿನ ಹಣೆಗೆ ಇನ್ನೂ ದಪ್ಪ ವಿಭೂತಿ ಹಚ್ಚಿದ. ಮಿಸ್ತ್ರಿ ಮತ್ತೆ ಬಿಚ್ಚಿದ; ಬಾನಿಯಲ್ಲಿ ಓಡಿತು. ಅಜ್ಜ ಮತ್ತೆ ಹಚ್ಚಿದ, ಹೊಳೆಯಲ್ಲಿ ನಿಂತಿತು. ಕೆಟ್ಟಷ್ಟೂ ವಿಭೂತಿ, ವಿಭೂತಿ ಹೆಚ್ಚಿದಷ್ಟೂ ಕೆಡುವುದು. ಊರಲ್ಲಿ ಎರಡು ಪಕ್ಷವಾದವು, ಮಷೀನಿನ ತಪ್ಪು ಎನ್ನುವವರದೊಂದು, ಹೊಳೆಯ ತಪ್ಪು ಎನ್ನುವವರದೊಂದು. ಅವ್ವ ಯಾವ ಪಕ್ಷಕ್ಕೂ ಸೇರದೆ ಅಡುಗೆಮನೆಯ ಬೆಳಕಿಂಡಿಯಲ್ಲಿ ನಿಂತು ಅಂಗಳ ನೋಡುತ್ತಿದ್ದಳು.

ದೀಪಾವಳಿ ಬಂದೇಬಿಟ್ಟಿತು. ಮಿಸ್ತ್ರಿ ಪಂಪಿನ ತೊಗಲಿನ ವಾಷರೇ ಹಾಳಾಗಿರಬೇಕೆಂದು ಅನುಮಾನಪಟ್ಟು, ಅದನ್ನು ಕತ್ತರಿಸಿ ಕೊಡುವವನನ್ನು ಹುಡುಕಿಕೊಂಡು ಮಾನ್ವಿಗೆ ಹೋಗಿದ್ದ. ಹೋಗುವಾಗ ಕಾಕಾನಿಗೆ ಒಂದು ಮಾತು ಹೇಳಿದ್ದ: "ಹೊಳ್ಯಾಗ ಮುಚ್ಚಳ ತೆಗದು ಓಡಸಬ್ಯಾಡ್ರಿ. ನೀರು ಸಿಡದು ಎಣ್ಯಾಗ ಬಿದ್ರ ಈಕಿ ಕಥಿ ಖತಂ."

ಹಬ್ಬದ ಮುನ್ನಾದಿನ ಬೆಳಿಗ್ಗೆ ಅಜ್ಜ ಧೈರ್ಯ ಮಾಡಿದ. ಮುಚ್ಚಳಕ್ಕೆ ಹೊಸ ವಿಭೂತಿ ಎಳೆದ. ದೋಣಿಯ ಹಿಂದೆ ಕಾಕಾ, ನಡುವೆ ಅಜ್ಜ, ಅಜ್ಜನಿಗೆ ಮಾರುದ್ದದಲ್ಲಿ ಸೆರಗು ಹೊದ್ದು ಅವ್ವ, ಇಬ್ಬರ ನಡುವೆ ಸರ್ಕಾರಿ ತಂತಿಯಾದ ನಾನು. ಅವ್ವನ ತೊಡೆಯ ಮೇಲೆ ಕರ್ಚಿಕಾಯಿ, ಶೇಂಗಾ ಹೋಳಿಗೆಯ ಗಂಟು. ನೋಡಿದಿರಾ, ಹೋಳಿಗೆ ಬಂತು.

ನಡುಹೊಳೆಗೆ ಬಂದೆವು. ಮೋಟರು ನಿಂತಿತು.

ಕಾಕಾ ಮುಚ್ಚಳ ತಿರುವಿದ. ಸೊಂಯ್ ಎಂದು ಸದ್ದಾಯಿತು. "ಎಣ್ಣಿ ಅದ ಯಪ್ಪಾ." ಮುಚ್ಚಿದ, ಜಗ್ಗಿದ, ಓಡಿತು. ನಿಂತಿತು. ಮತ್ತೆ ತಿರುವಿದ, ಸೊಂಯ್. ಮತ್ತೆ ಓಡಿತು. ಮತ್ತೆ ನಿಂತಿತು. ದೋಣಿ ಸೆಳವಿಗೆ ಸಿಕ್ಕು ಬಂಡೆಗಳ ಕಡೆಗೆ ಮೆಲ್ಲಗೆ ಸರಿಯತೊಡಗಿತು.

"ಸಾಕು ಬಸಣ್ಣಾ, ಕೋಲು ಹಾಕು. ಹೊಳ್ಳಿ ಹೋಗೋಣ," ಎಂದ ಅಜ್ಜ. "ಗಂಗವ್ವನ ಮನಸಿಲ್ಲ. ಗಿರಿಜಿ, ನಿಮ್ಮವ್ವಗ ಹೇಳು, ಯುಗಾದಿಗಿ ನೋಡೋಣಂತ."

ಯುಗಾದಿಯವರೆಗೆ ಅಮ್ಮನ ಕಣ್ಣು ಕಾಯುವುದಿಲ್ಲ ಎಂದು ದೋಣಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಅವ್ವನ ಕಡೆ ತಿರುಗಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮುಚ್ಚಳವನ್ನೇ ನೋಡುತ್ತಿದ್ದಳು.

"ಗಿರಿಜಿ, ಅಜ್ಜಾಗ ಕೇಳು. ಬಾನ್ಯಾಗ ಓಡೂ ಮುಂದ ಆ ಮುಚ್ಚಳ ಎಲ್ಲಿರತಿತ್ತು?"

ಅಜ್ಜ ಕೇಳಿಸಿಕೊಂಡಿದ್ದ. ಆದರೂ ನನ್ನ ಮುಖ ನೋಡಿದ. ನಾನು ಕೇಳಿದೆ.

"ಗೂಡಿನ್ಯಾಗ ಇರತಿತ್ತು ಅಂತ ಹೇಳು."

"ಹೊಳ್ಯಾಗ ಎಲ್ಲಿರ್ತದಂತ ಕೇಳು."

"ತಲಿ ಮ್ಯಾಲ ಇರ್ತದ ಅಂತ..." ಅಜ್ಜ ಮುಚ್ಚಳದ ಕಡೆ ತಿರುಗಿದ.

"ಎಣ್ಣಿ ಡಬ್ಬಿಗಿ ಒಂದಽ ತೂತು ಹೊಡದ್ರ ಎಣ್ಣಿ ಇಳ್ಯಂಗಿಲ್ಲ ಅಂತ ಹೇಳು. ಗಾಳಿ ಒಳಗ ಹೋಗಾಕ ಇನ್ನೊಂದು ತೂತು ಬೇಕು. ಇದು ಉಸಿರು ಕಟ್ಟಿ ನಿಂದ್ರಾಕತ್ತದ. ತೆಗದ ಕೂಡಲೆ ಸೊಂಯ್ ಅಂತ ಉಸಿರು ಎಳಕೊಂತದ."

ಅಷ್ಟುದ್ದ ತಂತಿಯನ್ನು ನಾನು ಒಂದಕ್ಷರ ಬಿಡದೆ ಮುಟ್ಟಿಸಿದೆ. ಬೆಲ್ಲ ಕೇಳಲಿಲ್ಲ.

ಕಾಕಾ ಮುಚ್ಚಳದ ಒಳಮೈ ತಿರುವಿ ನೋಡಿ, "ಹೌದಲ್ಲೋ ಯಪ್ಪಾ! ಒಳಗ ಎಳ್ಳಿನಂಥದು ಒಂದು ತೂತು ಅದ. ಹೊರಗ ಮಾತ್ರ..." ಎಂದು ನಾಲಿಗೆ ಕಚ್ಚಿಕೊಂಡ.

ಬೆಳ್ಳಗೆ, ಬೆರಳು ದಪ್ಪ, ಕಲ್ಲಿನಂತೆ ಒಣಗಿದ ಅಜ್ಜನ ಭಕ್ತಿ ಅಲ್ಲಿ ಕೂತಿತ್ತು. ಅದನ್ನು ಕೆರೆದು ಹೊಳೆಗೆ ಚೆಲ್ಲಿ ಎಂದು ಅಜ್ಜನಿಗೆ ಹೇಳುವವರು ಯಾರು? ಮಗನಿಗೆ ಬಾಯಿಲ್ಲ, ಸೊಸೆ ಮಾತೇ ಆಡುವಂತಿಲ್ಲ. ಬಂಡೆ ಹತ್ತಿರ ಬರುತ್ತಿತ್ತು. ಅದರ ಮೇಲೆ ಬಿಸಿಲು ಕಾಯಿಸುತ್ತಿದ್ದ ಮೊಸಳೆಯೊಂದು ನಮ್ಮ ಬುತ್ತಿಯ ರುಚಿ ಇನ್ನೂ ಮರೆತಿಲ್ಲ ಎನ್ನುವ ಹಾಗೆ ಬಾಯಿ ತೆರೆದುಕೊಂಡಿತ್ತು.

ಅವ್ವ ಸೆರಗು ಸರಿಮಾಡಿಕೊಂಡಳು.

"ಗಿರಿಜಿ, ಅಜ್ಜಾಗ ಹೇಳು. ತವರಿಗಿ ಹೊಂಟ ಹೆಣ್ಮಕ್ಕಳು ಬರಿ ಹಣಿಲೆ ಹೋಗಬಾರದು. ಆ ಮೋಟರಿನ ಹಣ್ಯಾಗಿನ ವಿಭೂತಿ ನಮಗ ಪ್ರಸಾದ ಅಂತ ಕೊಡ್ರಿ ಅಂತ."

ನಾನು ಹೇಳಲು ಬಾಯಿ ತೆರೆದೆ. ಅಜ್ಜ ಕೈ ಎತ್ತಿ ನನ್ನನ್ನು ತಡೆದ. ಕಾಕಾನ ಕೈಯಿಂದ ಮುಚ್ಚಳ ಇಸಿದುಕೊಂಡು, ನನ್ನ ತಲೆಯ ಮೇಲಿಂದ ಅವ್ವನಿಗೆ ಚಾಚಿದ.

"ತಗೋ ಯವ್ವಾ."

ನನ್ನ ನೌಕರಿ ಅಲ್ಲಿಗೆ ಹೋಯಿತು.

ಅವ್ವ ಹೊಳೆಯ ನೀರಲ್ಲಿ ಬೆರಳದ್ದಿ, ಮುಚ್ಚಳವನ್ನು ತೇಯ್ದು ತೇಯ್ದು ವಿಭೂತಿ ತೆಗೆದಳು. ಒಂದು ಚೂರೂ ನೀರಿಗೆ ಬೀಳಗೊಡಲಿಲ್ಲ. ನನ್ನ ಹಣೆಗೆ ಹಚ್ಚಿದಳು, ತೋಳಿಗೆ ಹಚ್ಚಿದಳು, ಕುತ್ತಿಗೆಗೆ ಹಚ್ಚಿದಳು. ತಾನು ಹಚ್ಚಿಕೊಂಡಳು. ಇನ್ನೂ ಉಳಿದಿತ್ತು. ಕಾಕಾ ಹಣೆ ಒಡ್ಡಿದ. ಇನ್ನೂ ಉಳಿದಿತ್ತು. ಅಜ್ಜ ತಾನೇ ಬೆರಳು ಚಾಚಿ ಎತ್ತಿಕೊಂಡ. ಕೊನೆಗೆ ಅವ್ವ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದಳು. ಮುಚ್ಚಳದಲ್ಲಿ ಆಕಾಶದ ಒಂದು ಚುಕ್ಕೆ ಕಂಡಿತು.

ಕಾಕಾ ಹಗ್ಗ ಜಗ್ಗಿದ. ಮೋಟರು ಎದ್ದಿತು. ಬಂಡೆ ದಾಟಿತು, ಸುಳಿ ದಾಟಿತು, ನಿಲ್ಲಲಿಲ್ಲ. ಎದುರಿನಿಂದ ಹರಿಗೋಲಿನಲ್ಲಿ ಬರುತ್ತಿದ್ದ ಹುಲಿಗೆಪ್ಪ ನಮ್ಮನ್ನು ನೋಡಿ ಹುಟ್ಟು ಹಾಕುವುದನ್ನೇ ಮರೆತ.

"ಧಣೇರ, ನಡುಹೊಳ್ಯಾಗ ಎಲ್ಲಾರೂ ಸ್ವಾಮಿಗೋಳು ಆಗೀರೇನ್ರಿ?"

"ಹೂಂನಲೇ, ನೀನೂ ಬಾ, ಅಯ್ಯಾಚಾರದ ದೀಕ್ಷಾ ಕೊಡ್ತೀನಿ!" ಎಂದ ಅಜ್ಜ. ಅವನು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಾನ್ವಿಯಿಂದ ವಾಷರು ತಂದ ಖಾದರ್ ಮಿಸ್ತ್ರಿ ಈ ಸುದ್ದಿ ಕೇಳಿ ಎರಡೂ ಕೈ ಎದೆಗಿಟ್ಟುಕೊಂಡು, "ನಿಮ್ಮ ದೇವರಂತ ನಾ ಮುಟ್ಟಲಿಲ್ಲ, ನಿಮ್ಮ ದೇವರಂತ ನೀವೂ ಕೆರೀಲಿಲ್ಲ. ಮುದುಕಿ ಉಸಿರು ಹೋತು ನೋಡ್ರಿ ನಮ್ಮಿಬ್ಬರ ಮರ್ಯಾದ್ಯಾಗ" ಎಂದು ನಕ್ಕ. ಮುಂದಿನ ಮಹಾನವಮಿಗೆ ಅಜ್ಜ ಮೋಟರಿಗೆ ಮೊದಲಿನಷ್ಟೇ ದಪ್ಪ ವಿಭೂತಿ ಹಚ್ಚಿದ. ಭಕ್ತಿಯಲ್ಲಿ ಕಡಿತ ಮಾಡುವ ಮನುಷ್ಯನಲ್ಲ. ಹಚ್ಚಿ, ಅಡುಗೆಮನೆಯ ಕಡೆ ಕೈ ಚಾಚಿ, "ಪಿನ್ನ ಕೊಡು ಯವ್ವಾ" ಎಂದ. ಅಂದಿನಿಂದ ಪಿನ್ನು ತಟ್ಟೆಯಲ್ಲೇ ಉಳಿಯಿತು. ಮದುವೆಯಾಗಿ ರಾಯಚೂರಿಗೆ ಬರುವಾಗ ನಾನು ತವರಿನಿಂದ ಅದನ್ನೂ ತಂದೆ.

ಅಯ್ಯ, ದೋಣಿಯನ್ನು ದಂಡೆಗೆ ಹಚ್ಚದೆ ನಾನು ರಾಯಚೂರು ಮುಟ್ಟಿಬಿಟ್ಟೆ. ಬರ್ರಿ, ಇಳಿಯೋಣ.

ಮೋಟರಿನ ಸದ್ದಿಗೆ ಆಚೆ ದಂಡೆಯಲ್ಲಿ ಜನ ಕೂಡಿದ್ದರು. ಬೇವಿನ ಮರದ ಕೆಳಗೆ ಅಮ್ಮ ಕೋಲು ಊರಿ ನಿಂತಿದ್ದಳು. ಅವ್ವ ಮೊಳಕಾಲು ನೀರಿನಲ್ಲೇ ಇಳಿದು, ನನ್ನನ್ನು ಎಳೆದುಕೊಂಡು ಓಡಿದಳು. ಎದುರು ನಿಂತರೂ ಅಮ್ಮನ ಕಣ್ಣು ನಮ್ಮನ್ನು ದಾಟಿ ಎತ್ತಲೋ ಹುಡುಕುತ್ತಿತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ತಡವಾಯಿತು ಎಂದು ನಾನೂ ಅಂದುಕೊಂಡೆ.

ಅಮ್ಮ ನನ್ನ ಗಲ್ಲ ಹಿಡಿದು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕಣ್ಣು ಒಂದು ಕಡೆ ತಡೆದು ನಿಂತಿತು.

"ಬೆಳ್ಳಗ ಏನೋ ಕಾಣ್ತದಲ್ಲೇ..."

ಆ ಮೂರು ಎಳೆಗಳು. ಮೋಟರಿನ ಹಣೆಯಿಂದ ನನ್ನ ಹಣೆಗೆ ಬಂದ, ಅಷ್ಟು ದಪ್ಪಗೆ ಯಾರೂ ಹಚ್ಚದ ವಿಭೂತಿ. ಅದನ್ನು ಗುರುತು ಮಾಡಿಕೊಂಡು ಅಮ್ಮನ ಕಣ್ಣು ಮೆಲ್ಲಗೆ ಕೆಳಗಿಳಿಯಿತು. ಹುಬ್ಬು ಸಿಕ್ಕಿತು, ಕಣ್ಣು ಸಿಕ್ಕಿತು, ಮೂಗು ಸಿಕ್ಕಿತು.

"ಮೂಗು ನಂದಽ ಅದ ಬೇ," ಎಂದಳು ಅಮ್ಮ. "ಈಗ ನೀ ಬಾ ನನ್ನ ಮಗಳ, ನಿನ್ನ ಹಣಿ ತೋರಸು."